ಜೈಲಿಂದ ಬಂದ ತಮ್ಮನಿಗೆ ಓಟು ಇದೆಯಾ?

ಪ್ರಶ್ನೆ: ಒಂದು ಹೊಡೆದಾಟದ ಕೇಸಿನಲ್ಲಿ ನನ್ನ ತಮ್ಮನಿಗೆ ಮೂರು ವರ್ಷ ಶಿಕ್ಷೆ ಆಗಿತ್ತು. ಪರಪ್ಪನ ಅಗ್ರಹಾರದಲ್ಲಿ ಶಿಕ್ಷೆ ಮುಗಿಸಿ ಹೋದ ವರ್ಷ ಹೊರಗೆ ಬಂದ. ಮೊದಲು ನಾವೆಲ್ಲ ಲಗ್ಗೆರೆಯಲ್ಲಿ ಬಾಡಿಗೆಗೆ ಇದ್ದೆವು. ಅವನು ಒಳಗಿದ್ದಾಗ ಆ ಮನೆ ಬಿಟ್ಟು ಕೆಂಗೇರಿಗೆ ಬಂದೆವು. ಈಗ ನೋಡಿದರೆ ವೋಟರ್ ಲಿಸ್ಟಿನಲ್ಲಿ ಅವನ ಹೆಸರೇ ಇಲ್ಲ. ‘ಶಿಕ್ಷೆ ಆದವರಿಗೆ ಓಟು ಇರಲ್ಲ, ಕೋರ್ಟಿಂದ ಹಕ್ಕು ವಾಪಸ್ ತರಬೇಕು’ ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಅಮೆರಿಕದಲ್ಲಿ ಹಾಗೆ ಅರ್ಜಿ ಹಾಕುತ್ತಾರೆ ಅಂತ ಒಂದು ವಿಡಿಯೊದಲ್ಲೂ ನೋಡಿದೆ. ನಾವು ಎಲ್ಲಿಗೆ ಅರ್ಜಿ ಹಾಕಬೇಕು? ಕೋರ್ಟು ಹಾಕಿದ್ದ ದಂಡ ಪೂರ್ತಿ ಕಟ್ಟಿಲ್ಲ, ಅದು ಅಡ್ಡಿ ಆಗುತ್ತಾ? ಠಾಣೆಯಲ್ಲಿ ಅವನ ಹೆಸರಲ್ಲಿ ರೌಡಿಶೀಟ್ ಬೇರೆ ಇದೆಯಂತೆ. ಮುಂದೆ ಅವನು ಚುನಾವಣೆಗೆ ನಿಲ್ಲಬಹುದಾ?
— ಓದುಗರು, ಕೆಂಗೇರಿ ಉಪನಗರ

ಉತ್ತರ: ನಿಮ್ಮ ತಮ್ಮ ಓಟು ಹಾಕಬಹುದು. ಅದಕ್ಕೆ ಯಾವ ಕೋರ್ಟಿಗೂ ಹೋಗಬೇಕಾಗಿಲ್ಲ, ಯಾವ ಅಧಿಕಾರಿಯ ಹತ್ತಿರವೂ ಕ್ಷಮೆ ಕೇಳಬೇಕಾಗಿಲ್ಲ. ಅವನು ಜೈಲಿನ ಗೇಟು ದಾಟಿ ಹೊರಗೆ ಬಂದ ದಿನವೇ ಆ ಹಕ್ಕು ಅವನ ಕೈಗೆ ವಾಪಸ್ ಬಂತು. ಈಗ ಅವನಿಗೆ ಇಲ್ಲದಿರುವುದು ಹಕ್ಕಲ್ಲ, ಲಿಸ್ಟಿನಲ್ಲಿ ಹೆಸರು. ಇವೆರಡೂ ಬೇರೆ ಬೇರೆ. ಮೊದಲನೆಯದನ್ನು ಹುಡುಕುತ್ತಾ ವಕೀಲರ ಮನೆ ಸುತ್ತಿದರೆ ದುಡ್ಡು ದಂಡ. ಎರಡನೆಯದಕ್ಕೆ ಒಂದು ಫಾರಂ ಸಾಕು, ಅದಕ್ಕೆ ಫೀಸೂ ಇಲ್ಲ.

ಕಾನೂನು ಏನು ಹೇಳುತ್ತದೆ ನೋಡೋಣ. 1951ರ ಜನಪ್ರತಿನಿಧಿ ಕಾಯ್ದೆಯಲ್ಲಿ ಸೆಕ್ಷನ್ 62(5) ಅಂತ ಒಂದಿದೆ. ಜೈಲಿನಲ್ಲಿ ಇರುವವರು ಮತ್ತು ಪೊಲೀಸರ ವಶದಲ್ಲಿ ಇರುವವರು ಓಟು ಹಾಕುವಂತಿಲ್ಲ ಅನ್ನುತ್ತದೆ ಅದು. ಇಲ್ಲಿ ಗಮನಿಸಬೇಕಾದದ್ದು ಏನೆಂದರೆ, ಈ ನಿಷೇಧ ಅಂಟಿಕೊಂಡಿರುವುದು ಆ ಮನುಷ್ಯ ಮತದಾನದ ದಿನ ಎಲ್ಲಿದ್ದಾನೆ ಅನ್ನುವುದಕ್ಕೆ. ಅವನು ಹಿಂದೆ ಏನು ಮಾಡಿದ್ದ ಅನ್ನುವುದಕ್ಕಲ್ಲ. ಕೊಲೆ ಕೇಸಿನಲ್ಲಿ ಶಿಕ್ಷೆ ಮುಗಿಸಿ ಬಂದವನಿಗೂ ಓಟಿದೆ. ಸೈಕಲ್ ಕದ್ದ ಆರೋಪದ ಮೇಲೆ ನಿನ್ನೆ ಜೈಲಿಗೆ ಹೋದ, ಇನ್ನೂ ವಿಚಾರಣೆಯೇ ಶುರುವಾಗದ ಹುಡುಗನಿಗೆ ಇಲ್ಲ. ವಿಚಿತ್ರ ಅನ್ನಿಸುತ್ತದೆ, ಅಲ್ವಾ? ಆ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಜಾಮೀನಿನ ಮೇಲೆ ಹೊರಗಿದ್ದರೆ ಓಟಿದೆ. ಶಿಕ್ಷೆ ಆಗಿ, ಮೇಲ್ಮನವಿ ಹಾಕಿ, ಹೈಕೋರ್ಟು ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ಕೊಟ್ಟಿದ್ದರೂ ಓಟಿದೆ. ಕೇಸು ಎಷ್ಟು ಬಾಕಿ ಇವೆ ಅನ್ನುವುದನ್ನು ಮತಗಟ್ಟೆಯಲ್ಲಿ ಯಾರೂ ಕೇಳುವುದಿಲ್ಲ. ಹೆಸರು ಸೇರಿಸುವ ಫಾರಂನಲ್ಲೂ ಅಂಥ ಕಾಲಂ ಇಲ್ಲ. ಕೇಸುಗಳ ವಿವರ ಬರೆಯಬೇಕಾದದ್ದು ಚುನಾವಣೆಗೆ ನಿಲ್ಲುವ ಅಭ್ಯರ್ಥಿ, ಅದೂ ಪ್ರಮಾಣಪತ್ರದಲ್ಲಿ. ಪಕ್ಕದ ಮನೆಯವರಿಗೆ ಗೊಂದಲ ಆಗಿರುವುದು ಇಲ್ಲೇ ಅನ್ನಿಸುತ್ತದೆ. ಶಿಕ್ಷೆಯಾದ ಶಾಸಕರ ಸ್ಥಾನ ಹೋಯಿತು, ಆರು ವರ್ಷ ಅನರ್ಹ ಅಂತೆಲ್ಲ ಟೀವಿಯಲ್ಲಿ ಕೇಳಿರುತ್ತಾರೆ. ಅದು ನಿಲ್ಲುವವರ ನಿಯಮ. ಹಾಕುವವರದ್ದಲ್ಲ.

ಹಾಗಾದರೆ ಅಪರಾಧಕ್ಕಾಗಿ ಓಟಿನ ಹಕ್ಕನ್ನೇ ಕಳೆದುಕೊಳ್ಳುವವರು ನಮ್ಮ ದೇಶದಲ್ಲಿ ಇಲ್ಲವೇ ಇಲ್ಲವಾ? ಇದ್ದಾರೆ, ಆದರೆ ಆ ಪಟ್ಟಿ ಬಹಳ ಚಿಕ್ಕದು. ಚುನಾವಣೆಯನ್ನೇ ಕೆಡಿಸಿದವರು. ಓಟಿಗೆ ಲಂಚ ಕೊಟ್ಟವರು, ತೆಗೆದುಕೊಂಡವರು, ಮತದಾರರನ್ನು ಹೆದರಿಸಿದವರು, ಬೇರೆಯವರ ಹೆಸರಲ್ಲಿ ಕಳ್ಳ ಓಟು ಹಾಕಿದವರು, ಜಾತಿ ಧರ್ಮದ ಹೆಸರಲ್ಲಿ ಚುನಾವಣೆಗೆ ದ್ವೇಷ ಹಚ್ಚಿದವರು, ಮತಗಟ್ಟೆಯಿಂದ ಮತಪತ್ರ ಎತ್ತಿಕೊಂಡು ಹೋದವರು, ಇಂಥವರಿಗೆ ಶಿಕ್ಷೆಯಾದರೆ ಅದೇ ಕಾಯ್ದೆಯ ಸೆಕ್ಷನ್ 11ಎ ಪ್ರಕಾರ ಆರು ವರ್ಷ ಓಟಿಲ್ಲ. ಇವುಗಳಲ್ಲಿ ಲಂಚ, ಬೆದರಿಕೆ, ಕಳ್ಳ ಓಟು ಮೊದಲು ದಂಡಸಂಹಿತೆಯ 171ಇ, 171ಎಫ್ ಅಂತ ಇದ್ದವು. 2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 173, 174 ಆಗಿವೆ. ಇಂಥವರು ಬೇಕಾದರೆ ಚುನಾವಣಾ ಆಯೋಗದ ಮುಂದೆ ಹೋಗಿ ಅನರ್ಹತೆ ತೆಗೆಯಿರಿ ಅಂತ ಕೇಳಬಹುದು. ಕಾರಣ ಬರೆದು ತೆಗೆಯುವ ಅಧಿಕಾರವನ್ನು ಸೆಕ್ಷನ್ 11ಬಿ ಆಯೋಗಕ್ಕೆ ಕೊಟ್ಟಿದೆ. ನೀವು ಕೇಳಿದ ‘ಹಕ್ಕು ವಾಪಸ್ ಕೊಡುವ ಅರ್ಜಿ’ ನಮ್ಮಲ್ಲಿ ಇರುವುದು ಇಷ್ಟಕ್ಕೇ. ನಿಮ್ಮ ತಮ್ಮನದು ಹೊಡೆದಾಟದ ಕೇಸು. ಆ ದಾರಿಯೇ ಅವನಿಗೆ ಬೇಡ.

ಅಂದಹಾಗೆ, ಓಟಿಗೆ ದುಡ್ಡು ಕೊಟ್ಟರೆ ಆರು ವರ್ಷ ಓಟು ಹೋಗುತ್ತದೆ ಅನ್ನುವುದು ನಮ್ಮ ಎಷ್ಟು ಜನಕ್ಕೆ ಗೊತ್ತು? ಕುಕ್ಕರ್, ಸೀರೆ ಹಂಚುವವರಿಗೆ ಅಂತೂ ಗೊತ್ತಿದ್ದ ಹಾಗೆ ಕಾಣುವುದಿಲ್ಲ.

ಈಗ ಹೆಸರಿನ ವಿಚಾರ. ಜೈಲಿಗೆ ಹೋದ ಕಾರಣಕ್ಕೆ ಲಿಸ್ಟಿನಿಂದ ಹೆಸರು ತೆಗೆಯಬಹುದಾ? ತೆಗೆಯುವಂತಿಲ್ಲ. 2013ರಲ್ಲಿ ಸಂಸತ್ತು ಸೆಕ್ಷನ್ 62ಕ್ಕೆ ಒಂದು ಸಾಲು ಸೇರಿಸಿತು. ಒಳಗಿರುವವರಿಗೆ ಓಟು ಹಾಕಲು ಆಗದಿದ್ದರೂ ಅವರು ಮತದಾರರಾಗಿಯೇ ಉಳಿಯುತ್ತಾರೆ ಅನ್ನುವುದು ಅದರ ತಿರುಳು. ಇನ್ನು 1950ರ ಜನಪ್ರತಿನಿಧಿ ಕಾಯ್ದೆಯ ಸೆಕ್ಷನ್ 20 ಇನ್ನೊಂದು ಮಾತು ಹೇಳುತ್ತದೆ. ಜೈಲಿನಲ್ಲಿ ಇದ್ದ ಮಾತ್ರಕ್ಕೆ ಜೈಲೇ ಅವನ ವಾಸಸ್ಥಳ ಆಗುವುದಿಲ್ಲ. ತಾತ್ಕಾಲಿಕವಾಗಿ ಮನೆಯಿಂದ ದೂರ ಇದ್ದ ಮಾತ್ರಕ್ಕೆ ಮನೆಯ ವಿಳಾಸವೂ ಹೋಗುವುದಿಲ್ಲ. ಅಂದರೆ ಅವನು ಪರಪ್ಪನ ಅಗ್ರಹಾರದಲ್ಲಿ ಇದ್ದಷ್ಟು ದಿನವೂ ಕಾನೂನಿನ ಕಣ್ಣಿಗೆ ನಿಮ್ಮ ಮನೆಯವನೇ.

ಕಾಗದದಲ್ಲಿ ಹೀಗಿದೆ. ನಡೆಯುವುದು ಹೇಗೆ ಅಂದರೆ, ಮತಗಟ್ಟೆ ಅಧಿಕಾರಿ, ನಾವೆಲ್ಲ ಬಿಎಲ್‌ಒ ಅನ್ನುತ್ತೇವಲ್ಲ ಅವರು, ಲಗ್ಗೆರೆಯ ಹಳೆಯ ಮನೆಗೆ ಪರಿಶೀಲನೆಗೆ ಬಂದಿರುತ್ತಾರೆ. ಬಾಗಿಲು ತೆರೆದವರು ಹೊಸ ಬಾಡಿಗೆದಾರರು. ‘ಅವರು ಮನೆ ಖಾಲಿ ಮಾಡಿ ಹೋದರು’ ಅಂದಿರುತ್ತಾರೆ. ಬಿಎಲ್‌ಒ ‘ಸ್ಥಳಾಂತರ’ ಅಂತ ಬರೆದುಕೊಂಡಿರುತ್ತಾರೆ. ನಿಯಮದ ಪ್ರಕಾರ ಹೆಸರು ತೆಗೆಯುವ ಮೊದಲು ನೋಟಿಸು ಕೊಟ್ಟು, ಆ ವ್ಯಕ್ತಿಗೆ ಹೇಳಿಕೊಳ್ಳಲು ಅವಕಾಶ ಕೊಡಬೇಕು. ನೋಟಿಸು ಹೋಗುವುದು ಹಳೆಯ ವಿಳಾಸಕ್ಕೆ. ತೆಗೆದುಕೊಳ್ಳಬೇಕಾದವನು ಜೈಲಿನಲ್ಲಿ. ಉತ್ತರ ಬರಲಿಲ್ಲ, ಹೆಸರು ಹೋಯಿತು. ಇದರಲ್ಲಿ ಯಾರ ಕುತಂತ್ರವೂ ಬೇಕಾಗಿಲ್ಲ. ಬಾಡಿಗೆ ಮನೆಗಳ ಈ ಊರಿನಲ್ಲಿ ಜೈಲಿಗೆ ಹೋಗದವರ ಹೆಸರೂ ಹೀಗೇ ಹೋಗುತ್ತದೆ. ಜೈಲಿಗೆ ಹೋದವರದ್ದು ಜಾಸ್ತಿ ಹೋಗುತ್ತದೆ, ಯಾಕೆಂದರೆ ದುಡಿಯುವ ಕೈ ಒಳಗೆ ಹೋದ ಮೇಲೆ ಮನೆಯವರು ಮೊದಲು ಮಾಡುವ ಕೆಲಸವೇ ಕಡಿಮೆ ಬಾಡಿಗೆಯ ಮನೆ ಹುಡುಕುವುದು.

ಇದು ಬಡವರಿಗೆ ಮಾತ್ರ ಆಗುವ ಕಥೆ ಅಂತಲೂ ತಿಳಿಯಬೇಡಿ. ತಮಿಳುನಾಡಿನ ವಿ.ಕೆ. ಶಶಿಕಲಾ ನೆನಪಿರಬೇಕು. ನಾಲ್ಕು ವರ್ಷದ ಶಿಕ್ಷೆ ಇದೇ ಪರಪ್ಪನ ಅಗ್ರಹಾರದಲ್ಲಿ. 2021ರ ಜನವರಿ ಕೊನೆಯಲ್ಲಿ ಬಿಡುಗಡೆ ಆಯಿತು. ಅದೇ ಏಪ್ರಿಲ್‌ನಲ್ಲಿ ತಮಿಳುನಾಡು ವಿಧಾನಸಭೆಗೆ ಮತದಾನ. ಕಾನೂನಿನ ಪ್ರಕಾರ ಓಟು ಹಾಕಲು ಅವರಿಗೆ ಏನೂ ಅಡ್ಡಿ ಇರಲಿಲ್ಲ. ಆದರೆ ಲಿಸ್ಟಿನಲ್ಲಿ ಹೆಸರಿರಲಿಲ್ಲ. ಅವರ ಹೆಸರಿದ್ದದ್ದು ಚೆನ್ನೈನ ಪೋಯಸ್ ಗಾರ್ಡನ್ ಮನೆಯ ವಿಳಾಸದಲ್ಲಿ. ಆ ಮನೆಯನ್ನು ಸರ್ಕಾರ ಜಯಲಲಿತಾ ಸ್ಮಾರಕ ಮಾಡಲು ಹೊರಟಿತ್ತು, ಅಲ್ಲಿ ವಾಸ ಇಲ್ಲ ಅಂತ ಹೆಸರು ಹೋಗಿತ್ತು. ಓಟು ಹಾಕಲು ಆಗಲಿಲ್ಲ. ದೊಡ್ಡ ದೊಡ್ಡ ವಕೀಲರನ್ನು ಇಟ್ಟುಕೊಂಡವರಿಗೇ ಹೀಗಾದರೆ, ನಿಮ್ಮ ತಮ್ಮನ ಹೆಸರು ಹೋಗಿದ್ದರಲ್ಲಿ ಏನಾಶ್ಚರ್ಯ?

ಈಗ ಮಾಡಬೇಕಾದ್ದು. ಮೊದಲು ಹೆಸರು ನಿಜವಾಗಿ ಹೋಗಿದೆಯಾ ಅಂತ ಸರಿಯಾಗಿ ನೋಡಿ. ಚುನಾವಣಾ ಆಯೋಗದ ಮತದಾರರ ಪೋರ್ಟಲ್‌ನಲ್ಲಿ ಅಥವಾ ಆಯೋಗದ ಆ್ಯಪ್‌ನಲ್ಲಿ ಅವನ ಹಳೆಯ ವೋಟರ್ ಐಡಿಯ ಎಪಿಕ್ ನಂಬರ್ ಹಾಕಿ ಹುಡುಕಿ. ಹೆಸರಿನಿಂದ ಹುಡುಕಿದರೆ ಕಾಗುಣಿತ ಕೈಕೊಡುತ್ತದೆ. ಮಂಜುನಾಥ ಅನ್ನುವುದನ್ನು ಇಂಗ್ಲಿಷಿನಲ್ಲಿ ನಾಲ್ಕು ಥರ ಬರೆಯುತ್ತಾರೆ. ಕೆಂಗೇರಿಯ ಲಿಸ್ಟಿನಲ್ಲಿ ಮಾತ್ರ ನೋಡಿ ಬಿಡಬೇಡಿ. ಲಗ್ಗೆರೆ ಇರುವುದು ರಾಜರಾಜೇಶ್ವರಿನಗರ ವಿಧಾನಸಭಾ ಕ್ಷೇತ್ರದಲ್ಲಿ, ಕೆಂಗೇರಿ ಇರುವುದು ಯಶವಂತಪುರ ಕ್ಷೇತ್ರದಲ್ಲಿ. ಇದರಲ್ಲಿ ಇನ್ನೊಂದು ತಮಾಷೆ ಇದೆ. ಯಶವಂತಪುರ ಅನ್ನುವ ಊರು ಇರುವುದು ಯಶವಂತಪುರ ಕ್ಷೇತ್ರದಲ್ಲಲ್ಲ, ರಾಜರಾಜೇಶ್ವರಿನಗರದಲ್ಲಿ! ಕ್ಷೇತ್ರ ವಿಂಗಡಣೆ ಮಾಡಿದವರಿಗೆ ನಮಸ್ಕಾರ. ಹಾಗಾಗಿ ಬರೀ ಊರಿನ ಹೆಸರು ನೋಡಿ ಲಿಸ್ಟು ಆರಿಸಬೇಡಿ. ಇಂಟರ್ನೆಟ್ ಕಿರಿಕಿರಿ ಅನ್ನಿಸಿದರೆ 1950ಕ್ಕೆ ಫೋನ್ ಮಾಡಿ, ಎಪಿಕ್ ನಂಬರ್ ಹೇಳಿ.

ಲಗ್ಗೆರೆಯಲ್ಲಿ ಹೆಸರು ಇನ್ನೂ ಇದ್ದರೆ ಹೊಸ ಅರ್ಜಿ ಹಾಕಬೇಡಿ. ವಿಳಾಸ ಬದಲಾವಣೆಗೆ ಫಾರಂ 8 ಕೊಡಿ. ಹೆಸರು ಹೋಗೇ ಹೋಗಿದೆ ಅಂತ ಖಾತ್ರಿ ಆದರೆ ಮಾತ್ರ ಫಾರಂ 6. ಎರಡು ಕಡೆ ಹೆಸರಿರುವುದು ಕಾನೂನಿಗೆ ವಿರುದ್ಧ. ಫಾರಂನಲ್ಲಿ ಗೊತ್ತಿದ್ದೂ ಸುಳ್ಳು ಬರೆದರೆ ಒಂದು ವರ್ಷದವರೆಗೆ ಜೈಲು ಆಗಬಹುದು. ಒಮ್ಮೆ ಒಳಗೆ ಹೋಗಿ ಬಂದವನಿಗೆ ಇಂಥ ಸಣ್ಣ ವಿಚಾರಕ್ಕೆ ಮತ್ತೆ ತಲೆನೋವು ಬೇಡ.

ಫಾರಂ ಜೊತೆಗೆ ಒಂದು ಫೋಟೊ, ವಯಸ್ಸಿನ ದಾಖಲೆ, ವಿಳಾಸದ ದಾಖಲೆ. ವಿಳಾಸಕ್ಕೆ ಆಧಾರ್, ಬ್ಯಾಂಕ್ ಪಾಸ್‌ಬುಕ್, ಕರೆಂಟು ಅಥವಾ ನೀರಿನ ಬಿಲ್ಲು, ಗ್ಯಾಸ್ ಬಿಲ್ಲು, ನೋಂದಾಯಿತ ಬಾಡಿಗೆ ಕರಾರು ನಡೆಯುತ್ತವೆ. ನಮ್ಮಲ್ಲಿ ಬಾಡಿಗೆ ಕರಾರು ಅಂದರೆ ಸಾಮಾನ್ಯವಾಗಿ ಸ್ಟ್ಯಾಂಪ್ ಪೇಪರಿನ ಮೇಲೆ ಟೈಪ್ ಮಾಡಿಸಿದ ಹನ್ನೊಂದು ತಿಂಗಳದ್ದು, ನೋಂದಣಿ ಇಲ್ಲದ್ದು. ಅದನ್ನೇ ನೆಚ್ಚಿಕೊಳ್ಳಬೇಡಿ. ಅವನ ಆಧಾರ್ ಇನ್ನೂ ಲಗ್ಗೆರೆ ವಿಳಾಸದಲ್ಲಿದ್ದರೆ ಮೊದಲು ಅದನ್ನು ಬದಲಾಯಿಸಿ. ಹೊರಗೆ ಬಂದ ಮೇಲೆ ಹೊಸ ಬ್ಯಾಂಕ್ ಖಾತೆ ತೆರೆದಿದ್ದರೆ ಆ ಪಾಸ್‌ಬುಕ್ ಸಾಕು. ಯಾವ ದಾಖಲೆಯೂ ಸರಿಹೊಂದದಿದ್ದರೂ ಅರ್ಜಿ ಕೊಡಬಹುದು. ಆಗ ಬಿಎಲ್‌ಒ ಮನೆಗೆ ಬಂದು ನೋಡಿ ವರದಿ ಕೊಡುತ್ತಾರೆ. ಆ ಭೇಟಿಯ ಹೊತ್ತಿಗೆ ಅವನೋ ನೀವೋ ಮನೆಯಲ್ಲಿ ಇರಬೇಕು. ಬಾಗಿಲು ಹಾಕಿದ್ದರೆ ಮತ್ತೆ ಅದೇ ‘ಇಲ್ಲಿ ವಾಸ ಇಲ್ಲ’ ಅನ್ನುವ ವರದಿ ಹೋಗುತ್ತದೆ.

ಜೈಲಿನ ಬಿಡುಗಡೆ ಪತ್ರ ಬೇಕಾ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬೇಡ. ಯಾರೂ ಕೇಳುವಂತಿಲ್ಲ. ‘ಇಷ್ಟು ವರ್ಷ ಎಲ್ಲಿದ್ದೆ?’ ಅಂತ ಬಿಎಲ್‌ಒ ಸುಮ್ನೆ ವಿಚಾರಿಸಬಹುದು. ಬಹಳ ಸಲ ಅವರು ಅಂಗನವಾಡಿ ಕಾರ್ಯಕರ್ತೆಯೋ ಶಾಲೆಯ ಮೇಷ್ಟ್ರೋ ಆಗಿರುತ್ತಾರೆ, ಬೀದಿಯ ಕುತೂಹಲ ಅವರಿಗೂ ಇರುತ್ತದೆ. ‘ಮೊದಲು ಲಗ್ಗೆರೆಯಲ್ಲಿ ಹೆಸರಿತ್ತು, ಮನೆ ಬದಲಾಯಿಸಿದೆವು, ಹೆಸರು ಹೋಗಿದೆ’ ಅಂದರೆ ಸಾಕು. ಅದು ನಿಜವೂ ಹೌದು. ಉಳಿದದ್ದನ್ನು ಹೇಳಲೇಬೇಕು ಅಂತ ಯಾವ ನಿಯಮವೂ ಇಲ್ಲ. ಗುರುತಿನ ಚೀಟಿ ಇಲ್ಲದೆ ಸಮೀಕ್ಷೆ, ಜಾಗೃತಿ ಅಂತ ಬಂದವರಿಗೆ ಮಾತ್ರ ಏನನ್ನೂ ಕೊಡಬೇಡಿ. 2022ರಲ್ಲಿ ಇದೇ ಬೆಂಗಳೂರಿನಲ್ಲಿ ಜಾಗೃತಿಯ ಹೆಸರಲ್ಲಿ ಮತದಾರರ ಮಾಹಿತಿ ಕದ್ದ ಆರೋಪ ಬಂದು, ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳ ಪಟ್ಟಿಯನ್ನು ಮತ್ತೆ ಪರಿಶೀಲಿಸಲು ಆಯೋಗ ಹೇಳಬೇಕಾಯಿತು.

ಅರ್ಜಿ ತಿರಸ್ಕಾರ ಆದರೆ ಕಾರಣವನ್ನು ಬರಹದಲ್ಲಿ ಕೇಳಿ. ಯಾರಾದರೂ ‘ಶಿಕ್ಷೆ ಆದವನು’ ಅಂತ ಕಾರಣ ಬರೆದರೆ ಅದು ಮೇಲ್ಮನವಿಯಲ್ಲಿ ನಿಲ್ಲುವುದಿಲ್ಲ. ಮೊದಲ ಮೇಲ್ಮನವಿ ಜಿಲ್ಲಾ ಮಟ್ಟದಲ್ಲಿ, 15 ದಿನದೊಳಗೆ. ಅಲ್ಲೂ ಆಗದಿದ್ದರೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ, 30 ದಿನದೊಳಗೆ. ಇದಕ್ಕೂ ವಕೀಲರು ಬೇಕೇ ಬೇಕು ಅಂತಿಲ್ಲ. ಒಂದೇ ಎಚ್ಚರ, ಚುನಾವಣೆ ಘೋಷಣೆ ಆಗುವವರೆಗೆ ಕಾಯಬೇಡಿ. ನಾಮಪತ್ರ ಸಲ್ಲಿಸುವ ಕೊನೆಯ ದಿನ ಕಳೆದ ಮೇಲೆ ಲಿಸ್ಟು ಮುಟ್ಟುವಂತಿಲ್ಲ. ಕೊನೆಯ ವಾರದಲ್ಲಿ ಕೊಟ್ಟ ಅರ್ಜಿಗೆ ನೋಟಿಸು, ಪರಿಶೀಲನೆ ಮುಗಿಯುವುದೇ ಇಲ್ಲ.

ದಂಡದ ವಿಚಾರ. ದಂಡ ಬಾಕಿ ಇದ್ದರೆ ಅದನ್ನು ವಸೂಲಿ ಮಾಡಲು ಕೋರ್ಟಿಗೆ ಬೇರೆ ದಾರಿ ಇದೆ. ಓಟಿಗೂ ಅದಕ್ಕೂ ಸಂಬಂಧ ಇಲ್ಲ. ನಿಮಗೆ ಆ ಭಯ ಬಂದಿರುವುದು ಬಹುಶಃ ಆ ವಿಡಿಯೊದಿಂದಲೇ. ಅಮೆರಿಕದಲ್ಲಿ ಇದು ದೊಡ್ಡ ಜಗಳ. ಅಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ. ಮೇನ್ ಮತ್ತು ವರ್ಮಾಂಟ್ ರಾಜ್ಯಗಳಲ್ಲಿ ಜೈಲಿನೊಳಗಿಂದಲೇ ಓಟು ಹಾಕಬಹುದು. ಇನ್ನು ಕೆಲವು ಕಡೆ ಶಿಕ್ಷೆ ಮುಗಿದ ಮೇಲೂ ಗವರ್ನರ್ ಮುಂದೆ ಅರ್ಜಿ ಹಿಡಿದು ನಿಲ್ಲಬೇಕು. ಗಂಭೀರ ಅಪರಾಧ ಮಾಡಿದವರ ಓಟು ಜೀವನವಿಡೀ ಕಿತ್ತುಕೊಳ್ಳುವ ನಿಯಮಗಳನ್ನು ದಕ್ಷಿಣದ ಹಲವು ರಾಜ್ಯಗಳು ಗುಲಾಮಗಿರಿ ಹೋದ ಮೇಲೆ ಬಿಗಿ ಮಾಡಿದವು. ಹೊಸದಾಗಿ ಓಟು ಸಿಕ್ಕಿದ ಕಪ್ಪು ಜನರನ್ನು ಮತಗಟ್ಟೆಯಿಂದ ದೂರ ಇಡುವುದು ಅದರ ಉದ್ದೇಶ. 1890ರ ಮಿಸಿಸಿಪಿ ಸಂವಿಧಾನ ಇದಕ್ಕೆ ಹೆಸರುವಾಸಿ.

ದಂಡದ ಕಥೆ ಫ್ಲಾರಿಡಾದ್ದು. 2018ರಲ್ಲಿ ಅಲ್ಲಿನ ಜನರೇ ಓಟು ಹಾಕಿ ಸಂವಿಧಾನ ತಿದ್ದಿದರು. ಕೊಲೆ ಮತ್ತು ಲೈಂಗಿಕ ಅಪರಾಧ ಬಿಟ್ಟು ಉಳಿದವರಿಗೆ ಶಿಕ್ಷೆ ಮುಗಿದ ಮೇಲೆ ಓಟು ತಾನಾಗಿಯೇ ವಾಪಸ್. ಶೇ 60 ಮತ ಬೇಕಿತ್ತು, ಶೇ 64ಕ್ಕೂ ಜಾಸ್ತಿ ಬಿತ್ತು. ಸುಮಾರು 14 ಲಕ್ಷ ಜನರಿಗೆ ಹಕ್ಕು ಸಿಗುತ್ತದೆ ಅಂತ ಲೆಕ್ಕ ಹಾಕಿದ್ದರು. ಮರುವರ್ಷವೇ ಅಲ್ಲಿನ ಶಾಸನಸಭೆ ಒಂದು ಕೊಕ್ಕೆ ಹಾಕಿತು. ದಂಡ, ಕೋರ್ಟಿನ ಶುಲ್ಕ, ಪರಿಹಾರದ ಹಣ ಎಲ್ಲ ಕಟ್ಟಿದರೆ ಮಾತ್ರ ‘ಶಿಕ್ಷೆ ಮುಗಿದ ಹಾಗೆ’ ಅಂದಿತು. ಯಾರದ್ದು ಎಷ್ಟು ಬಾಕಿ ಅಂತ ಹೇಳುವ ಒಂದೇ ಒಂದು ಸರಿಯಾದ ಲೆಕ್ಕದ ಪುಸ್ತಕ ಸರ್ಕಾರದ ಹತ್ತಿರವೇ ಇರಲಿಲ್ಲ. 2020ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಕಾನೂನನ್ನು ಎತ್ತಿಹಿಡಿಯಿತು. 2022ರಲ್ಲಿ ಅರ್ಹತೆ ಇಲ್ಲದೆ ಓಟು ಹಾಕಿದರು ಅಂತ ಕೆಲವರನ್ನು ಬಂಧಿಸಿದರು. ಅವರಲ್ಲಿ ಕೆಲವರಿಗೆ ವೋಟರ್ ಕಾರ್ಡು ಕೊಟ್ಟಿದ್ದು ಅದೇ ಸರ್ಕಾರದ ಕಚೇರಿ! ಇದನ್ನೆಲ್ಲ ನೋಡಿದವರಿಗೆ ಭಯ ಆಗುವುದು ಸಹಜ. ಆದರೆ ಅದು ಅಲ್ಲಿನ ಕಾನೂನು. ಈ ಒಂದು ವಿಚಾರದಲ್ಲಿ ನಮ್ಮದು ಅವರಿಗಿಂತ ಎಷ್ಟೋ ಪಾಲು ಸರಳ.

ಹಾಗಂತ ನಮ್ಮ ಕಾನೂನನ್ನು ಪೂರ್ತಿ ಹೊಗಳಲು ನನಗೆ ಮನಸ್ಸಿಲ್ಲ. ನಿಮ್ಮ ತಮ್ಮನ ಪ್ರಶ್ನೆಗೆ ಇದು ನೇರ ಸಂಬಂಧ ಅಲ್ಲ, ಆದರೆ ಅವನು ಒಳಗೆ ಕಂಡಿರುವ ವಿಚಾರವೇ. ಜೈಲಿನಲ್ಲಿ ಅವನ ಸುತ್ತ ಇದ್ದವರಲ್ಲಿ ಹೆಚ್ಚಿನವರು ಶಿಕ್ಷೆ ಆದವರಲ್ಲ. 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನ ಇದ್ದರು ಅಂತ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕ ಕೊಟ್ಟಿದೆ. ಅವರಲ್ಲಿ 4,34,302 ಜನ ವಿಚಾರಣಾಧೀನ ಕೈದಿಗಳು. ನಾಲ್ವರಲ್ಲಿ ಮೂವರು. ಇವರ ಮೇಲೆ ಆರೋಪ ಇದೆ, ತೀರ್ಪು ಇಲ್ಲ. ಇವರಲ್ಲಿ ಎಷ್ಟೋ ಜನ ನಾಳೆ ನಿರ್ದೋಷಿ ಅಂತ ಹೊರಗೆ ಬರುತ್ತಾರೆ. ಆದರೆ ಅಷ್ಟರಲ್ಲಿ ಕಳೆದುಹೋದ ಚುನಾವಣೆಯ ಓಟನ್ನು ಯಾರೂ ವಾಪಸ್ ಕೊಡುವುದಿಲ್ಲ. ಜಾಮೀನಿಗೆ ಶ್ಯೂರಿಟಿ ಕೊಡುವ ನೆಂಟರಿದ್ದವನು ಹೊರಗೆ ಬಂದು ಓಟು ಹಾಕುತ್ತಾನೆ. ಅದೇ ಆರೋಪ ಹೊತ್ತ, ಶ್ಯೂರಿಟಿ ಇಲ್ಲದವನು ಒಳಗೇ ಇರುತ್ತಾನೆ. ಅಂದರೆ ಓಟು ಇದೆಯೋ ಇಲ್ಲವೋ ಅನ್ನುವುದನ್ನು ಇಲ್ಲಿ ತೀರ್ಮಾನಿಸುವುದು ಅಪರಾಧವಲ್ಲ, ಜೇಬು.

ಬ್ರಿಟಿಷರ ಕಾಲದ 1935ರ ಕಾಯ್ದೆಯಲ್ಲಿ ಓಟು ತಡೆದಿದ್ದದ್ದು ಶಿಕ್ಷೆ ಅನುಭವಿಸುತ್ತಿದ್ದವರಿಗೆ. ಸ್ವತಂತ್ರ ಭಾರತದ 1951ರ ಕಾಯ್ದೆ ಬಲೆಯನ್ನು ದೊಡ್ಡದು ಮಾಡಿ, ಒಳಗಿರುವ ಎಲ್ಲರನ್ನೂ ಸೇರಿಸಿತು. ಒಂದೇ ಒಂದು ವಿನಾಯಿತಿ ಕೊಟ್ಟಿತು. ಮುಂಜಾಗ್ರತಾ ಬಂಧನದಲ್ಲಿ, ಅಂದರೆ ಮುಂದೆ ಏನಾದರೂ ಮಾಡಬಹುದು ಅಂತ ಮೊದಲೇ ಹಿಡಿದು ಒಳಗಿಟ್ಟವರು ಅಂಚೆ ಮೂಲಕ ಓಟು ಹಾಕಬಹುದು. ಈಗ ಇದನ್ನು ನಮ್ಮ ಊರಿಗೆ ಹಚ್ಚಿ ನೋಡಿ. ಕರ್ನಾಟಕದಲ್ಲಿ 1985ರ ಗೂಂಡಾ ಕಾಯ್ದೆ ಇದೆ. ಅದು ಮುಂಜಾಗ್ರತಾ ಬಂಧನದ ಕಾಯ್ದೆ. ಅದರಡಿ ಒಳಗೆ ಹೋದ ಹೆಸರಾಂತ ರೌಡಿಗೆ ಅಂಚೆ ಓಟಿನ ಹಕ್ಕಿದೆ. ಪಕ್ಕದ ಬ್ಯಾರಕ್‌ನಲ್ಲಿ ಮೊಬೈಲ್ ಕಳ್ಳತನದ ಆರೋಪದ ಮೇಲೆ ಕೂತಿರುವ ಹುಡುಗನಿಗಿಲ್ಲ. ಇದಕ್ಕೆ ತರ್ಕ ಏನು ಅಂತ ಯಾರಾದರೂ ನನಗೆ ವಿವರಿಸಿದರೆ ಸಂತೋಷ.

ಸುಪ್ರೀಂ ಕೋರ್ಟು ಈ ಸೆಕ್ಷನ್ ಅನ್ನು 1997ರಲ್ಲಿ ಅನುಕೂಲ್ ಚಂದ್ರ ಪ್ರಧಾನ್ ಕೇಸಿನಲ್ಲಿ ಎತ್ತಿಹಿಡಿದಿದೆ. ಕೈದಿಗಳಿಗೆಲ್ಲ ಓಟು ಕೊಟ್ಟರೆ ಪೊಲೀಸರು, ಸೌಕರ್ಯ ಎಲ್ಲ ಜಾಸ್ತಿ ಬೇಕಾಗುತ್ತದೆ, ತನ್ನ ನಡತೆಯಿಂದ ಜೈಲಿಗೆ ಹೋದವನು ಹೊರಗಿದ್ದವನಷ್ಟೇ ಸ್ವಾತಂತ್ರ್ಯ ಕೇಳುವಂತಿಲ್ಲ, ಅಪರಾಧದ ಹಿನ್ನೆಲೆಯವರು ಚುನಾವಣೆಯಿಂದ ದೂರ ಇರಲಿ, ಇವು ಕೋರ್ಟು ಕೊಟ್ಟ ಕಾರಣಗಳು. 2020ರಲ್ಲಿ ದೆಹಲಿ ಹೈಕೋರ್ಟು ಕೂಡ ಇದೇ ದಾರಿ ಹಿಡಿಯಿತು. ಓಟು ಶಾಸನ ಕೊಟ್ಟ ಹಕ್ಕು, ಶಾಸನವೇ ಮಿತಿ ಹಾಕಬಹುದು ಅಂದಿತು. ತೀರ್ಪಿಗೆ ತಲೆಬಾಗಲೇಬೇಕು. ಆದರೆ ಸೌಕರ್ಯದ ಮಾತು ಈಗ ಹಳೆಯದಾಗಿದೆ ಅನ್ನುವುದು ನನ್ನ ಅಭಿಪ್ರಾಯ. 2024ರ ಲೋಕಸಭೆ ಚುನಾವಣೆಯಲ್ಲಿ 85 ದಾಟಿದವರ ಮನೆ ಬಾಗಿಲಿಗೇ ಹೋಗಿ ಓಟು ಹಾಕಿಸಿಕೊಂಡ ವ್ಯವಸ್ಥೆ ನಮ್ಮದು. ಜೈಲಿನಲ್ಲಿ ಮತದಾರರೆಲ್ಲ ಒಂದೇ ಗೋಡೆಯೊಳಗೆ ಇರುತ್ತಾರೆ. ಕನಿಷ್ಠ ವಿಚಾರಣಾಧೀನರಿಗಾದರೂ ಅಂಚೆ ಓಟು ಕೊಡಬೇಕು. ದಕ್ಷಿಣ ಆಫ್ರಿಕಾ, ಕೆನಡಾದ ಕೋರ್ಟುಗಳು ಶಿಕ್ಷೆ ಆದ ಕೈದಿಗಳಿಗೂ ಓಟು ಕೊಡಿಸಿ ದಶಕಗಳಾದವು.

ಇನ್ನೂ ದೊಡ್ಡ ವಿಪರ್ಯಾಸ ಏನು ಗೊತ್ತಾ? ಜೈಲಿನಿಂದ ಓಟು ಹಾಕುವಂತಿಲ್ಲ, ಆದರೆ ಜೈಲಿನಿಂದ ಚುನಾವಣೆಗೆ ನಿಲ್ಲಬಹುದು. ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ 1977ರಲ್ಲಿ ಬರೋಡಾ ಡೈನಮೈಟ್ ಕೇಸಿನ ಆರೋಪಿಯಾಗಿ ಜೈಲಿನಲ್ಲಿದ್ದೇ ಬಿಹಾರದ ಮುಜಫ್ಫರ್‌ಪುರದಿಂದ ಗೆದ್ದರು. 2024ರಲ್ಲಿ ಕಾಶ್ಮೀರದ ಎಂಜಿನಿಯರ್ ರಶೀದ್ ತಿಹಾರ್ ಜೈಲಿನಿಂದ ಬಾರಾಮುಲ್ಲಾ ಲೋಕಸಭಾ ಕ್ಷೇತ್ರ ಗೆದ್ದರು. 2013ರ ಜುಲೈ 10ರಂದು ಸುಪ್ರೀಂ ಕೋರ್ಟು ‘ಓಟು ಹಾಕಲು ಆಗದವನು ನಿಲ್ಲುವುದೂ ಬೇಡ’ ಅಂತ ಹೇಳಿತು. ಸಂಸತ್ತು ಕೆಲವೇ ವಾರಗಳಲ್ಲಿ ಕಾಯ್ದೆ ತಿದ್ದಿ ಆ ತೀರ್ಪನ್ನು ದಾಟಿಬಿಟ್ಟಿತು. ಒಳಗಿದ್ದರೂ ಮತದಾರನಾಗಿ ಉಳಿಯುತ್ತಾನೆ ಅಂತ ಮೇಲೆ ಹೇಳಿದೆನಲ್ಲ, ಆ ಸಾಲು ಬಂದದ್ದು ಹೀಗೆ. ನಿಮ್ಮ ತಮ್ಮನಂಥವರ ಹೆಸರು ಉಳಿಸಲು ಬಂದದ್ದಲ್ಲ, ನಾಯಕರ ನಾಮಪತ್ರ ಉಳಿಸಲು ಬಂದದ್ದು. ಕೈದಿಯ ಓಟಿನ ವಿಚಾರದಲ್ಲಿ ಆ ಅವಸರವನ್ನು ಯಾವ ಪಕ್ಷವೂ ತೋರಿಸಿಲ್ಲ.

ರೌಡಿಶೀಟ್ ಬಗ್ಗೆ ಎರಡೇ ಮಾತು. ಅದು ಠಾಣೆಯ ದಾಖಲೆ, ಕೋರ್ಟಿನ ತೀರ್ಪಲ್ಲ. ಅದರಿಂದ ಓಟು ಹೋಗುವುದಿಲ್ಲ. ಚುನಾವಣೆ ಹತ್ತಿರ ಬಂದಾಗ ಠಾಣೆಗೆ ಕರೆಸಿ, ಶಾಂತಿಯಿಂದ ಇರುತ್ತೇನೆ ಅಂತ ಮುಚ್ಚಳಿಕೆ ಬರೆಸಿಕೊಳ್ಳುವುದು ಬೆಂಗಳೂರಿನಲ್ಲಿ ಮಾಮೂಲು. ಕರೆದರೆ ಹೋಗಲಿ, ಮುಚ್ಚಳಿಕೆ ಕೊಡಲಿ, ಬಂದು ಓಟು ಹಾಕಲಿ. ಗಡಿಪಾರು ಆದೇಶ ಆದರೆ ಮಾತ್ರ ಸ್ವಲ್ಪ ಕಷ್ಟ. ಅವನು ಬಂಧನದಲ್ಲಿ ಇಲ್ಲ, ಹಾಗಾಗಿ ಸೆಕ್ಷನ್ 62(5) ಅವನಿಗೆ ತಗಲುವುದಿಲ್ಲ. ಆದರೆ ಮತಗಟ್ಟೆ ಇರುವ ಜಾಗಕ್ಕೇ ಕಾಲಿಡುವಂತಿಲ್ಲ. ಅಂಥವರು ಮತದಾನದ ದಿನಕ್ಕೆ ಅನುಮತಿ ಕೇಳಿ ಆದೇಶ ಹೊರಡಿಸಿದ ಅಧಿಕಾರಿಗೆ ಸಾಕಷ್ಟು ಮೊದಲೇ ಬರೆದು ಕೊಡಬೇಕು. ಒಪ್ಪಿಗೆ ಇಲ್ಲದೆ ಸೀದಾ ಬಂದರೆ ಹೊಸ ಕೇಸು.

ಕೊನೆಯದಾಗಿ, ಚುನಾವಣೆಗೆ ನಿಲ್ಲುವುದು. ಇದರಲ್ಲಿ ಮಾತ್ರ ಶಿಕ್ಷೆ ಅಡ್ಡಿ ಆಗುತ್ತದೆ. ಎರಡು ವರ್ಷ ಅಥವಾ ಹೆಚ್ಚು ಶಿಕ್ಷೆ ಆದವರು ಶಿಕ್ಷೆಯ ದಿನದಿಂದ ಶುರುವಾಗಿ, ಬಿಡುಗಡೆ ಆದ ಮೇಲೆ ಇನ್ನೂ ಆರು ವರ್ಷ ಶಾಸಕ, ಸಂಸದ ಸ್ಥಾನಕ್ಕೆ ನಿಲ್ಲುವಂತಿಲ್ಲ. ನಿಮ್ಮ ತಮ್ಮನಿಗೆ ಮೂರು ವರ್ಷ ಆಗಿದೆ, ಹೋದ ವರ್ಷ ಬಿಡುಗಡೆ. ಅಲ್ಲಿಂದ ಆರು ವರ್ಷ ಎಣಿಸಿ. ಮೇಲ್ಮನವಿಯಲ್ಲಿ ಖುಲಾಸೆ ಆದರೆ ಅನರ್ಹತೆ ತಕ್ಷಣ ಹೋಗುತ್ತದೆ. ಜಯಲಲಿತಾ ಅವರಿಗೆ 2014ರ ಸೆಪ್ಟೆಂಬರ್‌ನಲ್ಲಿ ಪರಪ್ಪನ ಅಗ್ರಹಾರದ ವಿಶೇಷ ಕೋರ್ಟಿನಲ್ಲಿ ಶಿಕ್ಷೆ ಆಗಿ ಶಾಸಕ ಸ್ಥಾನ ಹೋಯಿತು. 2015ರ ಮೇನಲ್ಲಿ ನಮ್ಮ ಹೈಕೋರ್ಟು ಖುಲಾಸೆ ಮಾಡಿತು, ಜೂನ್‌ನಲ್ಲೇ ಉಪಚುನಾವಣೆಗೆ ನಿಂತು ಗೆದ್ದರು. ಇನ್ನು ಅವಧಿಯನ್ನೇ ಕಡಿಮೆ ಮಾಡುವ ಅಧಿಕಾರವೂ ಆಯೋಗಕ್ಕಿದೆ. 2019ರಲ್ಲಿ ಸಿಕ್ಕಿಂ ಮುಖ್ಯಮಂತ್ರಿ ಪ್ರೇಮ್ ಸಿಂಗ್ ತಮಾಂಗ್ ಅವರ ಆರು ವರ್ಷವನ್ನು ಒಂದು ವರ್ಷ ಒಂದು ತಿಂಗಳಿಗೆ ಇಳಿಸಿತ್ತು. ಮುಖ್ಯಮಂತ್ರಿ ಅಲ್ಲದವರಿಗೂ ಆ ಔದಾರ್ಯ ಸಿಗುತ್ತದೆ ಅಂತ ನಂಬಿ ಕೂರಬೇಡಿ. ಪಾಲಿಕೆ, ಪಂಚಾಯಿತಿಗೆ ನಿಲ್ಲುವ ಆಸೆ ಇದ್ದರೆ ಅವುಗಳ ಕಾಯ್ದೆ ಬೇರೆ, ಅನರ್ಹತೆಯ ನಿಯಮವೂ ಬೇರೆ. ಯಾವ ಚುನಾವಣೆ ಅಂತ ಬರೆದು, ತೀರ್ಪಿನ ಪ್ರತಿಯ ಜೊತೆ ಕೇಳಿದರೆ ಅದಕ್ಕೆ ಬೇರೆಯಾಗಿ ಉತ್ತರಿಸುತ್ತೇನೆ. ಫಾರಂ 6 ಮಾತ್ರ ಅಲ್ಲಿಯವರೆಗೆ ಕಾಯುವುದು ಬೇಡ.